ಚಿಕ್ಕೋಡಿಯ ಕೇಕ್

ನವೆಂಬರ್ ೧೦, ಸೋಮವಾರ

ಬೆಳಿಗ್ಗೆ ಮಂಜು. ದ್ರಾಕ್ಷಿ ಪಡಕ್ಕೆ ಔಷಧ ಹೊಡೆಸಲು ಇವರು ಬೇಗ ಹೋದರು. ಬಸದಿಗೆ ಹೋಗಿ ಬಂದೆ. ಹಾಲು, ನಾಷ್ಟಾ, ಬಾಂಡೆ ತಿಕ್ಕುವುದು... ದಿನದ್ದೇ.

ಮಧ್ಯಾಹ್ನ ಸೊಸೆ ಮನಿಷಾ ತನ್ನ ಓವನ್ ಹೊರಗೆ ತೆಗೆದಳು. ಮದುವೆಯಲ್ಲಿ ತವರಿನವರು ಕೊಟ್ಟದ್ದು. ನಮ್ಮೂರು ಐಗಳಿಗೆ ಬಂದಾಗಿನಿಂದ ರಟ್ಟಿನ ಖೋಕಾದಲ್ಲೇ ಇತ್ತು. ಮೊಬೈಲ್ ನೋಡಿ ಅವಳು ಹೇಳಿದಳು, ನಾನು ಕಲಸಿದೆ. ಮೊಟ್ಟೆ ಇಲ್ಲದ ಕೇಕ್. ನಮ್ಮದೇ ಬೇದಾಣೆ — ಹೋದ ಸುಗ್ಗಿಯ ಒಣದ್ರಾಕ್ಷಿ — ಕೈ ತುಂಬ ಹಾಕಿದೆ. ಗಾಜಿನೊಳಗೆ ಉಬ್ಬಿ ಬಂದದ್ದು ನೋಡಿ ಎಷ್ಟು ಖುಷಿ! ಈ ವಯಸ್ಸಿಗೆ.

ಹೊತ್ತು ಮುಳುಗುವ ಮೊದಲು ಇವರು ಊಟಕ್ಕೆ ಬಂದರು. ಒಂದು ತುಂಡು ಕೊಟ್ಟೆ. ಅಗಿದರು. ತಟ್ಟೆ ಪಕ್ಕಕ್ಕಿಟ್ಟರು.

"ಕೇಕ್ ಅಂದರ ಹಿಂಗಲ್ಲ ಬಿಡು. ಒಂದರ ಮ್ಯಾಲ ಒಂದು ಪದರ ಇರಬೇಕು. ನಡುವ ಬಿಳಿ ಕ್ರೀಮ್. ಭಾಳ ಸೀ ಇರಬಾರದು, ನಾಲಿಗಿಗೆ ಒಂಚೂರು ಹುಳಿ ಹತ್ತಬೇಕು. ಬೇದಾಣೆ ಮೆತ್ತಗ ಸಿಗಬೇಕು, ಗೋಡಂಬಿ ಕಟುಂ ಅನಬೇಕು."

"ಎಲ್ಲಿ ತಿಂದೀರಿ ಅಂಥಾದ್ದು?"

"ಚಿಕ್ಕೋಡ್ಯಾಗ. ವಕೀಲರ ಮನ್ಯಾಗ."

ಬಾಂದಿನ ಕೇಸು — ಹೊಲದ ಗಡಿಯದು — ಚಿಕ್ಕೋಡಿ ಕೋರ್ಟಿನಲ್ಲಿದೆ. ಇವರ ಚಿಕ್ಕಪ್ಪನ ಮಕ್ಕಳ ಜೊತೆ. ಹೆಚ್ಚುಕಡಿಮೆ ಪ್ರತಿ ಗುರುವಾರ ತಾರೀಖು. ಒಮ್ಮೊಮ್ಮೆ ಅಲ್ಲೇ ವಸ್ತಿ ಮಾಡಿ ಮರುದಿನ ಬರುತ್ತಾರೆ.

ಇಷ್ಟು ವರ್ಷ ಹಾಕಿದ್ದನ್ನು ಉಂಡು ಎದ್ದ ಮನುಷ್ಯ. ಉಪ್ಪು ಕಡಿಮೆ ಎಂದೂ ಅಂದವರಲ್ಲ. ಕೇಕಿನ ಬಗ್ಗೆ ಇಷ್ಟು ಮಾತು! ನಗು ಬಂತು. ಜನವರಿ ಎಂಟಕ್ಕೆ ಇವರಿಗೆ ಅರವತ್ತು ತುಂಬುತ್ತದೆ. ಅದೇ ಕೇಕ್ ಮಾಡಿ ಕತ್ತರಿಸಲು ಮುಂದಿಡುತ್ತೇನೆ.

ನವೆಂಬರ್ ೧೮

ಮತ್ತೆ ಮಾಡಿದೆವು. ಬಿಳಿ ಕ್ರೀಮಿಗೆ ನನ್ನದೇ ಬುದ್ಧಿ ಓಡಿಸಿದೆ — ಮೊಸರು ಕಟ್ಟಿ, ನೀರು ಇಳಿಸಿ, ಸಕ್ಕರೆ ಹಾಕಿ ನಾದಿದೆ. ಕೇಕಿನ ಮೇಲೆ ಹಚ್ಚಿದರೆ ನಿಲ್ಲಲಿಲ್ಲ. ಇಳಿದು ತಟ್ಟೆಗೆ ಬಂತು.

ಇವರು ಬೆರಳಿಂದ ನೆಕ್ಕಿ, "ಇದು ಶ್ರೀಖಂಡ ಆತು" ಎಂದರು. "ಆಕಿ ಬ್ಯಾರೆ ಏನೋ ಹಾಕತಾಳ. ಡಬ್ಬಿ ಬರತೈತಿ ಅದರದು."

"ಯಾಕಿ?"

"ವಕೀಲರ ಮನಿಯಾಕಿ." ಎದ್ದು ಕೈ ತೊಳೆಯಲು ಹೋದರು.

ನವೆಂಬರ್ ೨೩

ಮನಿಷಾ ಪತ್ತೆ ಮಾಡಿದ್ದಾಳೆ. ಅದು ಕ್ರೀಮ್ ಚೀಸ್ ಅಂತೆ. ಚಿಕ್ಕೋಡಿಯಲ್ಲಿ ಒಬ್ಬಾಕೆ ಮನೆಯಲ್ಲೇ ಎಗ್‌ಲೆಸ್ ಕೇಕ್ ಕ್ಲಾಸ್ ಮಾಡುತ್ತಾಳಂತೆ. ಫೋಟೋ ತೋರಿಸಿದಳು. ಪದರ, ಬಿಳಿ ಕ್ರೀಮ್, ಮೇಲೆ ಬೇದಾಣೆ, ಅಂಜೂರ, ಗೋಡಂಬಿ. ಫೋನ್ ಹಚ್ಚಿದೆವು. "ಗುರುವಾರ ಒಂದ ಬಿಟ್ಟು ಯಾವಾಗ ಬೇಕಾದರೂ ಬರ್ರಿ" ಎಂದಳು. ಮೆತ್ತನೆ ದನಿ.

ಇವರಿಗೂ ಮಗ ವೃಷಭನಿಗೂ ಹೇಳಿಲ್ಲ. ಕೋಥಳಿ ಬಸದಿಗೆ ಹೋಗುತ್ತೇವೆ ಎಂದಿದ್ದೇವೆ. ಸುಳ್ಳು ಹೇಳುವಾಗ ಮನಿಷಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ನವೆಂಬರ್ ೨೯, ಶನಿವಾರ. ಸಂಜೆ

ಬರೆಯಬೇಕು. ಬರೆಯದಿದ್ದರೆ ತಲೆ ನಿಲ್ಲುವುದಿಲ್ಲ.

ಅಥಣಿಯಲ್ಲಿ ಬಸ್ ಬದಲಿಸಿ ಚಿಕ್ಕೋಡಿ ಮುಟ್ಟಿದೆವು. ಸಣ್ಣ ಮನೆ, ಚೊಕ್ಕ. ಆಕೆಯ ಹೆಸರು ಅನುಸೂಯಾ. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ತೆಳ್ಳಗೆ, ಚಾಳೀಸು, ಕೊರಳಲ್ಲಿ ಕರಿಮಣಿ. ಕಲಿಯಲು ಬರುವ ಹುಡುಗಿಯರೆಲ್ಲ ಕಾಕು — ಚಿಕ್ಕಮ್ಮ — ಅನ್ನುತ್ತಾರೆ. ಕ್ಲಾಸಿಗೆ ಮನಿಷಾಳ ಹೆಸರು ಮಾತ್ರ ಹಚ್ಚಿದ್ದೆವು. ನನ್ನನ್ನು "ಅಕ್ಕಾರ, ಬರ್ರಿ" ಎಂದು ಒಳಗೆ ಕರೆದಳು. ನನಗೆ ಹಿಡಿಸಿದಳು. ಅದನ್ನೂ ಬರೆದಿಡುತ್ತೇನೆ.

ಮೊದಲು ಒಂದೊಂದು ತುಂಡು ತಿನ್ನಲು ಕೊಟ್ಟಳು. ಬಾಯಿಗಿಟ್ಟೆ. ಅದೇ. ಇವರು ಹೇಳಿದ್ದು ಅಕ್ಷರಕ್ಷರ ಅದೇ! ವಕೀಲರ ಮನೆಯಾಕೆ ಇಲ್ಲೇ ಕಲಿತಿರಬೇಕು ಅಂದುಕೊಂಡೆ. ಸರಿಯಾದ ಜಾಗಕ್ಕೇ ಬಂದೆವಲ್ಲ ಎಂದು ಸಂತೋಷವೂ ಆಯಿತು.

ಬೇದಾಣೆಯನ್ನು ಕಿತ್ತಳೆ ರಸದಲ್ಲಿ ನೆನೆಸಬೇಕು ಎಂದು ಹೇಳುತ್ತ ಆಕೆ ಕಪಾಟಿನಿಂದ ಸ್ಟೀಲ್ ಡಬ್ಬಿ ಇಳಿಸಿದಳು. ಮುಚ್ಚಳದ ಮೇಲೆ ಹೆಸರು ಕೊರೆದಿತ್ತು. ಸೌ. ಕುಸುಮ ಶಾಂತಿನಾಥ.

ನನ್ನ ಡಬ್ಬಿ. ಮದುವೆಯಲ್ಲಿ ಅಪ್ಪ ಕೊಟ್ಟ ಬಾಂಡೆಗಳಲ್ಲಿ ಒಂದು. ವಕೀಲರ ಮನೆಗೆಂದು ಬೇದಾಣೆ ತುಂಬಿ ಕೊಟ್ಟದ್ದು, ವಾಪಸು ಬಂದಿರಲಿಲ್ಲ. ಕೇಳಿದರೆ, "ದೊಡ್ಡವರ ಮನಿ, ಡಬ್ಬಿ ಹೆಂಗ ಕೇಳೂದು" ಎಂದಿದ್ದರು.

"ಬೇದಾಣೆ ಚೊಲೊ ಅದಾವು," ಎಂದೆ. ನನ್ನ ದನಿ ನನಗೇ ದೂರದಿಂದ ಬಂದಂತೆ.

"ಐಗಳೀವರಿ. ನಮ್ಮ ಮನಿಯವರು ತರತಾರ. ಗುರುವಾರಕ್ಕೊಮ್ಮೆ ಬರತಾರಲ್ಲ, ಆವಾಗ. ತೊಟ್ಟು ಸುದ್ದಾ ಆರಿಸಿದ್ದು. ಅಂಗಡ್ಯಾಗ ಇಂಥಾವು ಸಿಗೂದಿಲ್ಲರಿ."

ತೊಟ್ಟು ಆರಿಸಿದವಳು ನಾನು. ಚಾಳೀಸು ಹಾಕಿಕೊಂಡು, ಒಂದೊಂದೇ.

ಮನಿಷಾ ಆಚೆ ಹಿಟ್ಟು ಸಾಣಿಸುತ್ತಿದ್ದಳು. ಏನೂ ನೋಡಲಿಲ್ಲ. ಆಕೆ ಹೇಳಿದಂತೆ ಎಲ್ಲ ಮಾಡಿದೆ. ಮೊಸರು, ಸೋಡಾ, ಬೆಣ್ಣೆ. ಕ್ರೀಮಿನ ಪಾಠ ಮುಂದಿನ ಸಲ ಅಂತೆ.

ಮನೆಗೆ ಬಂದಾಗ ಇವರು ಪಡಸಾಲೆಯಲ್ಲಿ ಕೂತಿದ್ದರು.

"ಕೋಥಳ್ಯಾಗ ಗದ್ದಲ ಇತ್ತೇನು?"

"ಇತ್ತು."

ಡಿಸೆಂಬರ್ ೪, ಗುರುವಾರ

ಶರ್ಟಿಗೆ ಇಸ್ತ್ರಿ ಮಾಡಿ ಕೊಟ್ಟೆ. ಹಾಕಿಕೊಂಡರು. ತಲೆಗೆ ಎಣ್ಣೆ. ಕನ್ನಡಿ.

"ವಕೀಲರಿಗೆ ಒಂಚೂರು ಬೇದಾಣೆ ಹಾಕಿ ಕೊಡು."

ಹಾಕಿ ಕೊಟ್ಟೆ. ಯಾಕೆ ಕೊಟ್ಟೆ? ಗೊತ್ತಿಲ್ಲ. ರೂಢಿ. ಕೈ ತಾನೇ ಹೋಗಿ ಚೀಲ ತುಂಬಿತು. ಅವರು ಮೋಟರ್ ಸೈಕಲ್ ಹತ್ತಿ ಹೋದ ಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಪಿತ್ತ ಇರಬೇಕು ಅತ್ತಿ, ಎಂದು ಮನಿಷಾ ನಿಂಬೆ ಶರಬತ್ತು ತಂದಳು.

ಡಿಸೆಂಬರ್ ೯

ಬಸದಿಯ ಮೆಟ್ಟಿಲ ಮೇಲೆ ಕಾಶಿಬಾಯಿ ಸಿಕ್ಕಳು. ಇವರ ಚಿಕ್ಕಪ್ಪನ ಸೊಸೆ. ಕೇಸಿನ ಕಾಲಕ್ಕೆ ಮಾತು ಬಿಟ್ಟವರು ನಾವು. ನಾನೇ ಹೋಗಿ ಕೇಳಿದೆ — ಈ ಬಾಂದಿನ ವ್ಯಾಜ್ಯ ಇನ್ನೂ ಎಷ್ಟು ದಿನ ಎಳೆಯುವುದು, ಮುಗಿಸಬಾರದೇ?

ಮುಖ ನೋಡಿದಳು.

"ಏನ್ ಮುಗಸೂದು? ರಾಜಿ ಆಗಿ ಯಾವ ಕಾಲ ಆತು. ವೃಷಭನ ಮದಿವಿಗಿಂತ ಮೊದಲ. ನಿನಗ ಹೇಳಿಲ್ಲೇನು?"

"ಹೇಳಿದ್ದರು. ಮರತಿದ್ದೆ."

ಕಾಶಿಬಾಯಿ ನನ್ನ ಕೈ ಹಿಡಿದಳು. ಮರುಕ. ಅವಳಿಗೂ ಗೊತ್ತು. ಊರಿಗೇ ಗೊತ್ತಿರಬೇಕು. ಇಷ್ಟು ದಿನ ಅವರ ತಾರೀಖಿಗೆಂದು ನಾನು ಪದ್ಮಾವತಿಗೆ ಕಾಯಿ ಏರಿಸಿದ್ದು ನೋಡಿ ಎಷ್ಟು ಜನ ಸೆರಗಿನಲ್ಲಿ ನಕ್ಕರೋ...

ಡಿಸೆಂಬರ್ ೧೩, ಶನಿವಾರ

ಇವತ್ತು ಒಬ್ಬಳೇ ಹೋದೆ. ಮನಿಷಾಳಿಗೆ, ನೀನು ಮನೆ ನೋಡಿಕೋ, ಕ್ರೀಮ್ ನಾನು ಕಲಿತು ಬರುತ್ತೇನೆ ಎಂದೆ.

ಮೊದಲು ಕಲಿತೆ. ಬೆಣ್ಣೆ ಮೆತ್ತಗಿರಬೇಕು, ಚೀಸ್ ತಣ್ಣಗಿರಬೇಕು. ಡಬ್ಬದ ಮೇಲೆ ಹಸಿರು ಚುಕ್ಕಿ ಇದೆಯೇ ಎಂದು ನೋಡಿಕೊಂಡೆ. ಬೆಣ್ಣೆ, ಸಕ್ಕರೆ ಪುಡಿ ಚೆನ್ನಾಗಿ ಬಡಿದ ಮೇಲೆ ಚೀಸ್ ಹಾಕಿ, ಕೂಡುವವರೆಗೆ ಮಾತ್ರ ತಿರುಗಿಸಬೇಕು. ಹೆಚ್ಚು ಬಡಿದರೆ ನೀರು ಬಿಡುತ್ತದೆ. ಕೇಕ್ ಪೂರ್ತಿ ಆರಬೇಕು. ನಡುವೆ ಒಂದು, ಮೇಲೆ ಒಂದು, ಸುತ್ತ ತೆಳ್ಳಗೆ. ಎಲ್ಲ ಬಂತು.

ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಹೇಳಿದೆ.

"ಆ ಡಬ್ಬಿ ಮ್ಯಾಲಿನ ಹೆಸರು ನಂದು."

ಆಕೆ ಗ್ಯಾಸ್ ಕಟ್ಟೆ ಹಿಡಿದು ನಿಂತಳು.

"ಹೋದ ಸಲ ನೀವು ಡಬ್ಬಿ ನೋಡಿದ್ದು ನೋಡೇನ್ರಿ," ಎಂದಳು. "ಆದರ... ಅವರು ಹೇಳಿದ್ದ ಬ್ಯಾರೆ. ನೀವು ಬ್ರಹ್ಮಚರ್ಯ ವ್ರತ ತೊಗೊಂಡೀರಿ, ಸಂಸಾರ ಬಿಟ್ಟೀರಿ, ಬಸದ್ಯಾಗ ಇರತೀರಿ ಅಂದಿದ್ದರು. ಉಣ್ಣಾಕ ಹಾಕವರು ಯಾರೂ ಇಲ್ಲ ಅಂದಿದ್ದರು."

ನಕ್ಕೆ. ಜೋರಾಗಿ. ತಡೆಯಲು ಆಗಲಿಲ್ಲ.

"ನಿನ್ನೆ ಸಂಜಿಕ ಅವರಿಗೆ ಜ್ವಾಳದ ರೊಟ್ಟಿ, ಹೆಸರಕಾಳ ಪಲ್ಲೆ ಹಾಕೀನವ್ವ. ಬೆನ್ನಿಗೆ ಎಣ್ಣಿ ಹಚ್ಚೀನಿ. ಮೊನ್ನೆ ಗುರುವಾರ ಹಾಕ್ಕೊಂಡ ಬಂದಿದ್ದರಲ್ಲ, ಆ ಶರ್ಟಿಗೆ ಇಸ್ತ್ರಿ ಮಾಡಿದವಳೂ ನಾನ."

ಆಕೆ ಕೂತುಬಿಟ್ಟಳು. ಅತ್ತಿದ್ದರೆ ಬೈಯಬಹುದಿತ್ತು. ಅಳಲಿಲ್ಲ. "ನನ್ನ ಮೊದಲನೇ ಗಂಡ ಸತ್ತಾಗ ನನಗ ಇಪ್ಪತ್ತಾರು," ಎಂದಷ್ಟೇ ಹೇಳಿದಳು. "ನಂಬಿದೆ. ನಂಬೂದು ಬೇಕಾಗಿತ್ತು." ಆಮೇಲೆ ಎದ್ದು ಡಬ್ಬಿ ಬರಿದು ಮಾಡಿ, ತೊಳೆದು, ಒರೆಸಿ ನನ್ನ ಮುಂದಿಟ್ಟಳು.

"ಬ್ಯಾಡ. ಇಟ್ಟಕೋ," ಎಂದೆ. "ದಿನಾ ಓದಕೋತ ಇರು."

ಕೆಟ್ಟ ಮಾತು. ಆಡಿದೆ. ಆಡಿದ್ದಕ್ಕೆ ಬೇಸರವಿಲ್ಲ.

ಬಾಗಿಲಲ್ಲಿ ನಿಂತು ಮತ್ತೊಂದು ಹೇಳಿದೆ — ಜನವರಿ ಎಂಟರ ತನಕ ಅವರಿಗೆ ಏನೂ ಹೇಳಬೇಡ. ಆಯಿತೆಂದು ಗೋಣು ಹಾಕಿದಳು.

ಜನವರಿ ೭

ಇಷ್ಟು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಗುರುವಾರಗಳು ಬಂದವು, ಹೋದವು. ಶರ್ಟು, ಇಸ್ತ್ರಿ.

ಇವತ್ತು ಕೇಕ್ ಬೇಯಿಸಿ ಆರಲು ಇಟ್ಟೆ. ಅಂಜೂರ, ಖರ್ಜೂರ, ಗೋಡಂಬಿ, ಅಕ್ರೋಡ, ನಮ್ಮ ಬೇದಾಣೆ. ಎರಡೂ ಪದರ ಸಮನಾಗಿ ಎದ್ದಿವೆ. ಮನಿಷಾ ಮುತ್ತು ಕೊಟ್ಟಳು ನನ್ನ ಕೆನ್ನೆಗೆ. ಪಾಪ, ಅವಳಿಗೆ ಇನ್ನೂ ಇದು ಹುಟ್ಟುಹಬ್ಬ.

ಜನವರಿ ೮, ಗುರುವಾರ

ಓಣಿಯವರು ಬಂದಿದ್ದರು. ಆರತಿ ಮಾಡಿದೆ. ನಾಲ್ಕು ಗಂಟೆಗೆ ಕೇಕ್ ತಂದು ಟೀಪಾಯಿ ಮೇಲೆ ಇಟ್ಟೆ. ನೋಡಿದವರೇ ಇವರು ನನ್ನ ಮುಖ ನೋಡಿದರು. ಚಾಕು ಕೈಗೆ ಕೊಟ್ಟೆ. ಎಲ್ಲರೂ ಚಪ್ಪಾಳೆ. ನಾನೇ ತಿನ್ನಿಸಿದೆ.

"ಈ ಸಲ ಸರಿ ಬಂದೈತೇನ್ರಿ?"

ಅಗಿಯುವುದು ನಿಂತಿತು. ನುಂಗಲೂ ಆಗದು, ಉಗುಳಲೂ ಆಗದು. ಆ ಮುಖಕ್ಕಾಗಿಯೇ ನಾನು ಕಾದದ್ದು. ಇಷ್ಟು ದಿನ ಅದೊಂದನ್ನೇ ನೆನೆದು ಬದುಕಿದ್ದೆ. ಸಿಕ್ಕಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ವೃಷಭ ಪಡದಿಂದ ತಡವಾಗಿ ಬಂದ. ನಿಂತಲ್ಲೇ ಒಂದು ತುಂಡು ಬಾಯಿಗೆ ಹಾಕಿಕೊಂಡ. "ಅರೇ! ಅನುಸೂಯಾ ಕಾಕುನ ಕೇಕ್! ಅಪ್ಪಾ, ನೀವ ತರಿಸಿದ್ರೇನು?"

ಆಮೇಲೆ ಅವನಿಗೆ ತಾನು ಏನು ಅಂದೆ ಎಂಬುದು ತಿಳಿಯಿತು. ಮನಿಷಾ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು.

"ಅನುಸೂಯಾ ಕಾಕು ನಿಮಗ ಹೆಂಗ ಗೊತ್ತು? ಕ್ಲಾಸಿಗೆ ಹೋದವರು ನಾವು."

ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಓಣಿಯ ಹೆಂಗಸರು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿದರು.

ಜನವರಿ ೯

ವೃಷಭ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತ. ಸಣ್ಣವನಿದ್ದಾಗ ಕೂರುತ್ತಿದ್ದ ಹಾಗೆ.

"ನಿನಗ ತ್ರಾಸ ಆಗಬಾರದಂತ ಹೇಳಲಿಲ್ಲ ಅವ್ವಾ."

"ಯಾವಾಗಿಂದ ಗೊತ್ತು?"

"ಚಿಕ್ಕೋಡ್ಯಾಗ ಡಿಪ್ಲೊಮಾ ಓದಾಕತ್ತಿದ್ನಲ್ಲ, ಆವಾಗಿಂದ. ಅಪ್ಪಾ ಕರಕೊಂಡು ಹೋಗಿದ್ದರು. ಆಮ್ಯಾಲ... ಅಲ್ಲೇ ಉಣ್ಣಾಕ ಹೋಗ್ತಿದ್ದೆ."

ಹಾಸ್ಟೆಲ್ ಊಟ ಸೇರುವುದಿಲ್ಲ ಎಂದು ಆಗ ಪ್ರತಿ ವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆ. ಕಟ್ಟುತ್ತ ಅಳುತ್ತಿದ್ದೆ. ಹುಡುಗ ಹಸಿದಿರುತ್ತಾನೆ ಎಂದು.

"ಅವ್ವಾ, ಆಕಿ ಕೆಟ್ಟಾಕಿ ಅಲ್ಲ," ಎಂದ.

"ನಾ ಅಂದೀನೇನು?"

ಗಂಡನ ಮೋಸ ಒಂದು ತೂಕ. ಇದನ್ನು ಹೊರಲು ಬೇರೆ ಬೆನ್ನು ಬೇಕು. ಒಂಬತ್ತು ತಿಂಗಳು ಹೊತ್ತದ್ದು... ಬೇಡ. ಬರೆಯುವುದಿಲ್ಲ.

ಮನಿಷಾ ತನ್ನ ಕೋಣೆಯಿಂದ ಅವನ ಹಾಸಿಗೆ ಹೊರಗೆ ಹಾಕಿದ್ದಾಳೆ. "ಇಂಥಾದ್ದು ಮುಚ್ಚಿಟ್ಟವರು ನಾಳೆ ನನಗೇನು ಮುಚ್ಚಿಡತಾರೋ" ಎಂದಳಂತೆ. ಸಮಾಧಾನ ಹೇಳಬೇಕಿತ್ತು ನಾನು. ಹೇಳಲಿಲ್ಲ.

ಜನವರಿ ೨೨, ಗುರುವಾರ

ಇವರು ಬೆಳಿಗ್ಗೆ ಹೊರಟರು. ಇಸ್ತ್ರಿ ಇಲ್ಲದ ಶರ್ಟು. ಎಲ್ಲಿಗೆ ಎಂದು ಹೇಳಲಿಲ್ಲ, ಕೇಳಲಿಲ್ಲ. ಊಟದ ಹೊತ್ತಿಗೆ ವಾಪಸು. ಹಾಗೆ ಎಂದೂ ಬಂದವರಲ್ಲ.

ಪಡಸಾಲೆಯಲ್ಲಿ ಕೂತರು. ನೀರು ಕೇಳಿದರು. ಆಮೇಲೆ, ಗೋಡೆಗೆ ಹೇಳುವ ಹಾಗೆ—

"ಬಾಗಲಾ ತಗೀಲಿಲ್ಲ ಆಕಿ. ಕಿಡಕ್ಯಾಗಿಂದ ಅಂದಳು, ನಿಮ್ಮ ಮನ್ಯಾಗ ಉಣ್ಣಾಕ ಹಾಕವರು ಅದಾರ, ಹೋಗ್ರಿ ಅಂತ."

ನನಗೆ ಹೇಳುತ್ತಾರೆ ಇದನ್ನು! ಮುಖದಲ್ಲಿ ದುಃಖ. ನಾನು ಸಮಾಧಾನ ಮಾಡಲೆಂದೇ?

ನೀರು ಕೊಟ್ಟೆ.

ಫೆಬ್ರುವರಿ ೫, ಗುರುವಾರ

ದ್ರಾಕ್ಷಿ ಕಟಾವಿಗೆ ಬಂದಿದೆ. ಬೇದಾಣೆ ಶೆಡ್ಡಿನ ಚಾವಿ ಈ ವರ್ಷ ನನ್ನ ಹತ್ತಿರ ಇರಲಿ ಎಂದೆ. ಯಾರೂ ಎದುರಾಡಲಿಲ್ಲ. ಮನಿಷಾ ತವರಿಗೆ ಹೋದವಳು ಇನ್ನೂ ಬಂದಿಲ್ಲ. ಫೋನ್ ಮಾಡಿದರೆ ನನ್ನ ಜೊತೆ ಮಾತ್ರ ಮಾತಾಡುತ್ತಾಳೆ.

ಇವರು ಎಲ್ಲಿಗೂ ಹೋಗುವುದಿಲ್ಲ. ಏಳು ದಿನವೂ ಮನೆ. ಬೆಳಗಿನಿಂದ ಆ ಕುರ್ಚಿ. ಕಾಶಿಬಾಯಿ ಬಂದು, "ಬಂದರಲ್ಲವ್ವಾ ದಾರಿಗೆ, ಪುಣ್ಯಾ ಮಾಡೀದಿ" ಎಂದಳು. ಹೌದು. ಪೂರ್ತಿ ನನ್ನ ಪಾಲಿಗೇ ಬಂದಿದ್ದಾರೆ. ಮೊದಲು ವಾರಕ್ಕೊಂದು ದಿನ ಕಾಯುತ್ತಿದ್ದೆ, ಬಂದರೆ ಜೀವ ಹಗುರಾಗುತ್ತಿತ್ತು. ಈಗ ಎದುರಿಗೇ ಇರುತ್ತಾರೆ — ಆ ಕೆಮ್ಮು, ಆ ಉಸಿರು, ತಟ್ಟೆಯ ಮುಂದೆ ಕೂತು ಕಾಯುವ ಆ ಕೈ. ಬೇಕೆಂದವಳು ಬಾಗಿಲು ಹಾಕಿಕೊಂಡಳು. ನನಗೆ ಹಾಕಿಕೊಳ್ಳಲು ಬಾಗಿಲೂ ಇಲ್ಲ. ಮನೆ ಅವರದು.

ಈಗಷ್ಟೇ ಒಳಗೆ ಬಂದು ನಿಂತಿದ್ದರು. ಏನೋ ಹೇಳಬೇಕೆಂದು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಸುಳ್ಳೇಕೆ, ಎದೆ ಹೊಡೆದುಕೊಂಡಿತು.

"ಕುಸುಮಾ... ಆ ಕೇಕ್, ಮತ್ತೊಮ್ಮೆ ಮಾಡತೀಯೇನು?"

ಬರೆಯುತ್ತಲೇ ಇದ್ದೆ. ಹೊರಗೆ ಹೋದರು. ಹೊತ್ತು ಇಳಿಯುತ್ತಿದೆ, ಊಟಕ್ಕೆ ಹಾಕಬೇಕು. ಕರೆಯುತ್ತಿದ್ದಾರೆ. ಮತ್ತೆ ಕರೆದರು. ಏಳುವುದಿಲ್ಲ ನಾನು. ಇವತ್ತು ಅವರೇ ಎದ್ದು ಬಂದು ತಟ್ಟೆ ಹಾಕಿಕೊಳ್ಳಲಿ.