ಎಡೆ ಇಟ್ಟು ಬೇಟೆಗೆ ಹೋಗಿ

ರೀ,

ಅರ್ಜೆಂಟೀನಾದ ಹಕ್ಕಿ ಬೇಟೆ ಕೈತಪ್ಪಿಲ್ಲ, ಗಾಬರಿ ಬಿಡಿ. ಪಂಚಾಂಗ ನೋಡದೆ ಮಹಾಲಯ ಅಮಾವಾಸ್ಯೆಗೇ ಟಿಕೆಟ್ ಮಾಡಿಸಿದ್ದಿರಲ್ಲ, ಮಾವನಿಗೆ ಎಡೆ ಇಡೋರು ಯಾರು ಅಂತ ನನಗೂ ನಿದ್ದೆ ಇರಲಿಲ್ಲ. ಬೆಳಿಗ್ಗೆ ನಿಮ್ಮ ಜೊತೆ ಬೇಟೆಗೆ ಬರೋ ಫ್ರೆಂಡ್ ನವನೀತ್‌ಗೆ ನಾನೇ ಫೋನ್ ಮಾಡಿದೆ.

"ಅಯ್ಯೋ ಅಕ್ಕ, ನಮ್ಮನೇಲೂ ಅವತ್ತೇ ಎಡೆ. ನಿಮ್ಮ ಯಜಮಾನ್ರು ಜಯರಾಮು ಬೈತಾರೆ ಅಂತ ನಾನೂ ಸುಮ್ನಿದ್ದೆ" ಅಂದ! ಅವನೇ ಏರ್‌ಲೈನ್‌ಗೆ ಹೇಳಿ ಟ್ರಿಪ್ ಒಂದು ವಾರ ಮುಂದಕ್ಕೆ ಹಾಕಿಸಿದ.

ಹೊಸ ತಾರೀಖಿಗೆ ಏರ್‌ಲೈನ್ ಮೇಲ್ ಬಂದಿದೆ, ಇವತ್ತೇ ಓಕೆ ಮಾಡಿ. ಹುರುಳಿ ಬಸ್ಸಾರು ಸ್ಟವ್ ಮೇಲಿದೆ. ಇವತ್ತಾದರೂ ನೆಮ್ಮದಿಯಾಗಿ ಉಣ್ಣಿ.

ಮಾವ ಕೌಜುಗದ ಹಕ್ಕಿಗೆ ಬಲೆ ಹಾಕುತ್ತಿದ್ದವರು, ಬೇಟೆ ಬೇಡ ಅನ್ನುತ್ತಿರಲಿಲ್ಲ. ಆದರೆ ಎಡೆಯ ಕೋಳಿ ಸಾರು ಈ ಸಲ ನೀವೇ ಮಾಡಿ. ಅವರನ್ನು ಒಲಿಸಿಕೊಳ್ಳಲು ಅದೇ ಸುಲಭದ ದಾರಿ.

ಸುಧಾ