‘ಖಚಿತವೇ?’ ಎಂದು ಕೇಳುತ್ತಲೇ ಇರುವ ಆ್ಯಪ್‌ನ ಯಜಮಾನರಿಗೆ

ನಾಗರಿಕ ಸೇವೆಗಳ ಆ್ಯಪ್‌ಗೆ ರೂಪ ಕೊಟ್ಟು ನಮ್ಮನ್ನೆಲ್ಲ ಉದ್ಧಾರ ಮಾಡಿದ ವಿನ್ಯಾಸ ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮ ಆ್ಯಪ್ ನನ್ನ ಮಗಳ ಮದುವೆಯನ್ನು ನಿಲ್ಲಿಸಿದೆ. ಹುಡುಗನ ಮನೆಯವರು ತಕರಾರು ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ, ಹುಡುಗ ಹುಡುಗಿಯೂ ಜಗಳವಾಡಿರಲಿಲ್ಲ. ನಿಲ್ಲಿಸಿದ್ದು ಅಂಗೈಯಗಲದ ಪರದೆಯ ಮೇಲೆ ಮೂಡಿದ ಒಂದೇ ಒಂದು ಪದ: ‘ಖಚಿತವೇ?’ ಜವಾಬ್ದಾರಿಯುತ ಇಲಾಖೆಯೊಂದು ನಾಗರಿಕನನ್ನು ಹೀಗೆ ಕೇಳುವುದರಲ್ಲಿ ತಪ್ಪೇನು ಎಂದು ನೀವು ಹುಬ್ಬೇರಿಸಬಹುದು. ಒಂದು ಸಲ ಕೇಳಿದ್ದರೆ ನಾನೂ ಈ ಪತ್ರ ಬರೆಯುತ್ತಿರಲಿಲ್ಲ.

ಹುಡುಗ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣ ಮುಂದೆ ಗಾಜು ಬದಲಿಸುತ್ತಾ ‘ಇದು ಚೆನ್ನಾಗಿ ಕಾಣುತ್ತಾ, ಇದಾ?’ ಎಂದು ಕೇಳುವುದೇ ಅವನ ಉದ್ಯೋಗ. ಎರಡನೇ ಸಲ ಕೇಳಿದಾಗ ಜನ ಉತ್ತರ ಬದಲಿಸುತ್ತಾರೆ, ಬದಲಿಸಿದ ಉತ್ತರವೇ ಸರಿಯಾಗಿರುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ನನ್ನ ಮಗಳು ಈಜು ಕಲಿಸುತ್ತಾಳೆ. ಕೊಳದ ಅಂಚಿನಲ್ಲಿ ನಡುಗುತ್ತಾ ನಿಂತವರಿಗೆ ‘ಯೋಚನೆ ಮಾಡ್ಬೇಡಿ, ಹಾರಿ’ ಎನ್ನುವುದೇ ಅವಳ ಪಾಠದ ಅರ್ಧಭಾಗ. ಇಂಥ ಇಬ್ಬರು ಒಂದುಗೂಡಿದ್ದು ಹೇಗೆ ಎಂದರೆ, ಅವಳಿಗೆ ಕನ್ನಡಕ ಬೇಕಾಗಿತ್ತು, ಅಷ್ಟೇ.

ಕಳೆದ ಭಾನುವಾರ ಊಟ ಮುಗಿಸಿ ನಾವು ನಾಲ್ವರೂ ಮುಂದಿನ ಕೋಣೆಯಲ್ಲಿ ಕುಳಿತೆವು. ಹುಡುಗ ತನ್ನ ಫೋನಿನಲ್ಲಿ ಮದುವೆ ನೋಂದಣಿಯ ಪುಟ ತೆರೆದ. ಹೆಸರು ಹಾಕಿದ, ಖಚಿತವೇ ಎಂದಿತು. ಹುಟ್ಟಿದ ದಿನ ಹಾಕಿದ, ಖಚಿತವೇ ಎಂದಿತು. ಸ್ವಾಮೀ, ತಾನು ಹುಟ್ಟಿದ ದಿನದ ಬಗ್ಗೆ ಒಬ್ಬ ಮನುಷ್ಯ ಎಷ್ಟು ಖಚಿತವಾಗಿರಲು ಸಾಧ್ಯ? ಅವನು ಅಲ್ಲಿದ್ದದ್ದು ನಿಜ, ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಆಮೇಲೆ ನನ್ನ ಮಗಳ ಫೋಟೊ ಏರಿಸಿದ. ‘ಇವರನ್ನು ಮದುವೆಯಾಗಬೇಕೆಂದಿದ್ದೀರಿ. ಖಚಿತವೇ?’ ಹೌದು ಎಂದ. ‘ನಿಜವಾಗಿಯೂ ಖಚಿತವೇ?’ ಹೌದು ಎಂದ, ದನಿ ಸ್ವಲ್ಪ ತಗ್ಗಿತ್ತು. ‘ಇನ್ನೊಮ್ಮೆ ನಿಧಾನವಾಗಿ ನೋಡಿ.’ ಅವನು ನಿಧಾನವಾಗಿ ನೋಡಿದ. ನಾವೂ ನೋಡಿದೆವು. ಫೋಟೊ ಅಷ್ಟೇನೂ ಚೆನ್ನಾಗಿ ಬಂದಿರಲಿಲ್ಲ.

“ಇಷ್ಟು ಸಲ ಕೇಳ್ತಿದೆ ಅಂದ್ರೆ ಅದಕ್ಕೇನೋ ಗೊತ್ತಿರ್ಬೇಕು,” ಎಂದ ಹುಡುಗ.

“ಅದಕ್ಕೇನು ಗೊತ್ತಿರುತ್ತೆ? ಫೋನು ಕಣೋ ಅದು!” ಎಂದಳು ಮಗಳು.

“ಫೋನು ನಂದು. ಕೇಳ್ತಿರೋದು ಸರ್ಕಾರ ಅಲ್ವಾ?”

ಪರದೆಯ ಮೇಲೆ ‘ಹೌದು’ ಎನ್ನುವ ಗುಂಡಿ ಇರುವೆಯಷ್ಟು ಚಿಕ್ಕದು, ಬೂದು ಬಣ್ಣದ್ದು. ಪಕ್ಕದಲ್ಲಿ ಹಸಿರಾಗಿ ಹರಡಿಕೊಂಡು ‘ಇನ್ನೂ ಯೋಚಿಸುತ್ತೇನೆ’ ಎಂಬ ಗುಂಡಿ, ಅದರ ಮೇಲೆ ಹಬೆಯಾಡುವ ಟೀ ಕಪ್ಪಿನ ಚಿತ್ರ ಬೇರೆ. ಯಾವುದನ್ನು ಒತ್ತಬೇಕೆಂದು ಬೆರಳಿಗೆ ನೀವೇ ಹೇಳಿಕೊಟ್ಟಂತೆ. ಹುಡುಗ ಹಸಿರನ್ನು ಒತ್ತಿಬಿಟ್ಟ. ಪರದೆಯ ತುಂಬ ಬಣ್ಣದ ಚೂರುಗಳು ಉದುರಿ, ‘ಒಳ್ಳೆಯ ನಿರ್ಧಾರ! ನಿಮ್ಮ ಚಿಂತನಾವಧಿ ಆರಂಭವಾಗಿದೆ’ ಎಂದು ಬಂತು. ಅದು ಮುಗಿಯುವುದು ಬರುವ ಸೋಮವಾರ. ಅಲ್ಲಿಯವರೆಗೆ ಪುಟ ತೆರೆಯುವುದಿಲ್ಲ, ತುಂಬಿದ ಅರ್ಜಿಯನ್ನು ಓದಬಹುದು, ಅಷ್ಟೇ. ಕೆಳಗೆ ಮೀಸೆಯ ಮನುಷ್ಯನೊಬ್ಬ ಕುತ್ತಿಗೆ ಕೆರೆದುಕೊಳ್ಳುತ್ತಾ ಯೋಚಿಸುವ ಚಿತ್ರ ಕುಣಿಯುತ್ತಿತ್ತು. ನನ್ನ ಹೆಂಡತಿ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ರೀ, ಇದು ನೀವಲ್ವಾ?”

ನಾನೇ ಎಂದು ಗೊತ್ತಾದದ್ದು ಮರುದಿನ, ನಿಮ್ಮ ಕಚೇರಿಗೆ ದೂರು ಕೊಡಲು ಬಂದಾಗ. ನಿಮ್ಮ ಗೋಡೆಯ ಮೇಲೆ ಆಳೆತ್ತರದ ನನ್ನ ಚಿತ್ರವಿದೆ. ಮೇಲೆ ‘ನಮ್ಮ ಸಾಮಾನ್ಯ ನಾಗರಿಕ’ ಎಂಬ ಬಿರುದು. ಕೆಳಗೆ ಗುಣಗಾನ: ‘ಪ್ರತಿ ಹೆಜ್ಜೆಗೂ ಹಿಂದಕ್ಕೆ ಹೋಗುತ್ತಾನೆ. ನಿರ್ಧಾರವೆಂದರೆ ಭಯ. ಬದುಕಿನಲ್ಲಿ ಪಶ್ಚಾತ್ತಾಪಗಳು ಬಹಳ. ಮನೆಯಲ್ಲಿ ಮಾತು ನಡೆಯುವುದಿಲ್ಲ.’ ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, “ಕೊನೇದನ್ನ ಸರಿಯಾಗೇ ಬರ್ದಿದ್ದಾರೆ,” ಎಂದಳು. ಉಳಿದದ್ದಕ್ಕೆ ನಾನು ವಿವರಣೆ ಕೊಡಬೇಕು.

ನಾನು ಲಿಫ್ಟ್ ರಿಪೇರಿ ಮಾಡುವವನು. ಕಳೆದ ವರ್ಷ ನಿಮ್ಮ ಕಚೇರಿಯ ಲಿಫ್ಟ್ ಕೆಟ್ಟಿದೆಯೆಂದು ಕರೆಸಿದ್ದಿರಿ. ಒಳಗೆ ಕಾಲಿಟ್ಟ ಕೂಡಲೇ ನಿಮ್ಮ ವಿನ್ಯಾಸಕಿ “ಬನ್ನಿ ಸರ್, ನಿಮಗೇ ಕಾಯ್ತಿದ್ವಿ” ಎಂದು ಕೈಹಿಡಿದೇ ಕರೆದೊಯ್ದರು. ಲಿಫ್ಟಿನವನಿಗೆ ಇಷ್ಟು ಮರ್ಯಾದೆ ಇರುವ ಕಚೇರಿಯೂ ಉಂಟಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ದೊಡ್ಡ ಕನ್ನಡಿಯ ಕೋಣೆ, ಎರಡು ಕುರ್ಚಿ. ಒಂದರಲ್ಲಿ ನನ್ನನ್ನು ಕೂರಿಸಿ, ಇನ್ನೊಂದನ್ನು ಖಾಲಿ ಬಿಟ್ಟು, ಟೀ ಕೊಟ್ಟು, ಕೈಗೊಂದು ಫೋನ್ ಇಟ್ಟು, “ನಿಮಗೆ ಹೇಗೆ ಅನಿಸುತ್ತೋ ಹಾಗೆ ನಡೆಸಿ” ಎಂದರು. ಲಿಫ್ಟನ್ನು ಈಗ ಫೋನಿನಿಂದಲೇ ನಡೆಸುತ್ತಾರೆ ಎಂದುಕೊಂಡೆ. ರಿಪೇರಿಯಾದ ಲಿಫ್ಟಿಗೆ ಜನ ಹತ್ತಿಸುವ ಮೊದಲು ಖಾಲಿಯಾಗಿ ಒಂದು ಮಹಡಿ ಮೇಲಕ್ಕೆ ಕಳಿಸಿ, ಕೆಳಗೆ ಕರೆಸಿ, ಮತ್ತೆ ಕಳಿಸುವುದು ನಮ್ಮ ಕಸುಬಿನ ರೂಢಿ. ಪ್ರತಿ ಪುಟವನ್ನೂ ಹಾಗೇ ಮುಂದೆ ಕಳಿಸಿದೆ, ಹಿಂದೆ ಕರೆಸಿದೆ, ಮತ್ತೆ ಕಳಿಸಿದೆ. ಕನ್ನಡಿಯ ಹಿಂದೆ ಕುಳಿತು ನಿಮ್ಮವರು ನನ್ನ ಪಶ್ಚಾತ್ತಾಪಗಳನ್ನು ಬರೆದುಕೊಳ್ಳುತ್ತಿದ್ದದ್ದು ನನಗೇನು ಗೊತ್ತು? ಹೊರಗೆ ಬಂದರೆ, ಆ್ಯಪ್ ಪರೀಕ್ಷೆಗೆಂದು ನಿಜವಾಗಿ ಬಂದಿದ್ದ ಹಿರಿಯರೊಬ್ಬರು ಕೆಟ್ಟುನಿಂತ ಲಿಫ್ಟಿನ ಗುಂಡಿಗಳನ್ನು ಒತ್ತಿ ನೋಡಿ, “ಬಳಸೋಕೆ ಸುಲಭವಾಗಿದೆ, ಆದ್ರೆ ಸ್ವಲ್ಪ ನಿಧಾನ” ಎಂದು ಕಾವಲುಗಾರನಿಗೆ ಅಭಿಪ್ರಾಯ ಕೊಡುತ್ತಿದ್ದರು.

ದೂರು ಕೊಡಲು ಬಂದ ದಿನ ಈ ಸತ್ಯವನ್ನು ಅದೇ ವಿನ್ಯಾಸಕಿಯ ಮುಂದೆ ಬಿಚ್ಚಿಟ್ಟೆ. ಅವರು ತಾಳ್ಮೆಯಿಂದ ನಕ್ಕರು. “ಚಿತ್ರದಲ್ಲಿರೋರು ಒಬ್ಬ ವ್ಯಕ್ತಿ ಅಲ್ಲ ಸರ್. ಇಡೀ ಊರಿನ ಸರಾಸರಿ.”

“ಅಮ್ಮಾ, ಆ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದೆ ನೋಡು. ಈಗ ನನ್ನ ಅಂಗಿ ನೋಡು. ಇಡೀ ಊರಿಗೇ ಗುಂಡಿ ಕಿತ್ತುಹೋಗಿದ್ಯಾ?”

ಕಾಕತಾಳೀಯ ಎಂದರು. ಸರಿ, ವಿನ್ಯಾಸ ಬದಲಿಸಿ ಎಂದೆ. ಬದಲಿಸಬೇಕಾದರೆ ಸಾಮಾನ್ಯ ನಾಗರಿಕರನ್ನು ಮತ್ತೆ ಕೂರಿಸಿ ಪರೀಕ್ಷಿಸಬೇಕಂತೆ. ಈಗಲೇ ಕೂರುತ್ತೇನೆ ಎಂದೆ. “ನೀವಾಗಲ್ಲ ಸರ್, ನಿಮಗೆ ಸಿಟ್ಟು ಜಾಸ್ತಿ. ನಮ್ಮ ಸಾಮಾನ್ಯ ನಾಗರಿಕರು ತುಂಬಾ ಸಮಾಧಾನದವರು,” ಎಂದು ಗೋಡೆಯ ಕಡೆ ಕೈ ತೋರಿಸಿದರು. ನನ್ನ ಚಿತ್ರವನ್ನು ತೋರಿಸಿಯೇ ನನ್ನನ್ನು ಹೊರಗೆ ಕಳಿಸಿದ ಕಚೇರಿ ನಿಮ್ಮದು.

ಇದು ನನ್ನೊಬ್ಬನ ಗೋಳಾಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ನಮ್ಮ ಕೆಳಗಿನ ಮನೆಯವರ ಅಡುಗೆಮನೆಗೆ ಬೆಂಕಿ ಬಿದ್ದಾಗ ನಿಮ್ಮ ಆ್ಯಪ್ ‘ಬೆಂಕಿ ಎಂದಿದ್ದೀರಿ. ಇನ್ನೊಮ್ಮೆ ನಿಧಾನವಾಗಿ ನೋಡಿ’ ಎಂದಿತು. ಅವರು ಬಕೆಟ್ಟಿನಿಂದ ಆರಿಸಿದ ಮೇಲೆ, ‘ನೋಡಿದಿರಾ?’ ಎಂದು ಕೇಳಿತು. ಎದುರುಮನೆಯ ಅಕ್ಕನ ಮೈದುನ ತೀರಿಕೊಂಡ. ಅಳುತ್ತಾ ಮರಣ ನೋಂದಣಿ ಮಾಡುವಾಗ ಆಕೆಯ ಬೆರಳು ಹಸಿರಿಗೆ ತಾಗಿತು, ಬಣ್ಣದ ಚೂರುಗಳು ಉದುರಿದವು, ‘ಒಳ್ಳೆಯ ನಿರ್ಧಾರ!’ ಆತ ಈಗ ಸತ್ತಿಲ್ಲ, ಬದುಕಿಯೂ ಇಲ್ಲ, ಚಿಂತನಾವಧಿಯಲ್ಲಿದ್ದಾನೆ. ಯೋಚಿಸಿ ಹೇಳಿ, ಇದಕ್ಕೆ ಬಳಕೆದಾರಸ್ನೇಹಿ ಎನ್ನುತ್ತೀರಲ್ಲ, ನಿಮ್ಮ ಸ್ನೇಹಿತರು ನಿಮ್ಮ ಜೊತೆ ಹೀಗೇ ಮಾತಾಡುತ್ತಾರೆಯೇ?

ಇಷ್ಟಕ್ಕೇ ಮುಗಿದಿದ್ದರೆ ನಾನು ನಗುತ್ತಲೇ ಪತ್ರ ಮುಗಿಸುತ್ತಿದ್ದೆ. ಹುಡುಗ ದಿನಾ ಸಂಜೆ ನಮ್ಮ ಮನೆಗೆ ಬಂದು ತನಗೆ ಅನುಮಾನವೇನೂ ಇಲ್ಲ, ಕೇಳಿದ್ದಕ್ಕೆ ಪ್ರಾಮಾಣಿಕವಾಗಿ ಯೋಚಿಸುತ್ತಿದ್ದೇನೆ ಅಷ್ಟೇ ಎಂದು ನನಗೇ ಸಮಜಾಯಿಷಿ ಕೊಡುತ್ತಿದ್ದ. ನಿನ್ನೆ ಸಂಜೆ ಮಗಳು ಕೊಳದಿಂದ ಬಂದವಳು, ಒದ್ದೆ ತಲೆಯಲ್ಲೇ ಅವನ ಫೋನ್ ಕಸಿದುಕೊಂಡು ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿದಳು. ಕೊನೆಯಲ್ಲಿ ಒಂದು ಸಾಲು: ‘ಎರಡನೇ ಅರ್ಜಿದಾರರು: ಒಪ್ಪಿಗೆ ಇದೆ.’ ಪಕ್ಕದಲ್ಲಿ ಟಿಕ್. ಅವಳು ಬೆರಳಿಟ್ಟು ಒತ್ತಿದಳು, ಅಳಿಸಲಾಗಲಿಲ್ಲ.

“ಇದನ್ನ ಯಾರು ಹಾಕಿದ್ದು?”

“ಅದು ಮೊದಲೇ ಬಿದ್ದಿತ್ತು,” ಎಂದ ಹುಡುಗ. “ಒಳ್ಳೇದೇ ಅಲ್ವಾ, ಒಂದು ಕೆಲಸ ಕಡಿಮೆ.”

“ನಿನ್ನನ್ನ ಅಷ್ಟು ಸಲ ಕೇಳ್ತು. ನನ್ನನ್ನ?”

ಅವಳು ಫೋನನ್ನು ಅವನ ತೊಡೆಯ ಮೇಲಿಟ್ಟು ಒಳಗೆ ಹೋದಳು.

ಇವತ್ತು ಬೆಳಿಗ್ಗೆ ನಿಮ್ಮ ವಿನ್ಯಾಸಕಿಗೆ ಫೋನ್ ಮಾಡಿ, ನನ್ನ ಮಗಳ ಪರವಾಗಿ ಟಿಕ್ ಹಾಕಲು ನೀವ್ಯಾರು ಎಂದು ಕೇಳಿದೆ. ಅವರ ಬಳಿ ಇದಕ್ಕೂ ಸಂಶೋಧನೆ ಸಿದ್ಧವಿತ್ತು.

“ಪರೀಕ್ಷೆಯಲ್ಲಿ ಎರಡನೇ ಕುರ್ಚಿಯವರು ಒಂದ್ಸಲಾನೂ ಹಿಂದಕ್ಕೆ ಹೋಗ್ಲಿಲ್ಲ ಸರ್. ಅವರಿಗೆ ಯಾವ ಅನುಮಾನವೂ ಇರ್ಲಿಲ್ಲ.”

“ಎರಡನೇ ಕುರ್ಚಿಯಲ್ಲಿ ಯಾರೂ ಇರ್ಲಿಲ್ಲ ಕಣಮ್ಮ!”

“ಹೌದು ಸರ್. ಅದಕ್ಕೇ ಅಷ್ಟು ಸುಲಭವಾಗಿ ಮುಗೀತು.”

ಮಾನ್ಯರೇ, ನನ್ನನ್ನು ಅಂಜುಬುರುಕ ಎಂದಿರಿ, ಸಹಿಸಿದೆ. ಖಾಲಿ ಕುರ್ಚಿಯೊಂದರ ಒಪ್ಪಿಗೆಯನ್ನು ನನ್ನ ಮಗಳ ಹೆಸರಿಗೆ ಬರೆದಿದ್ದೀರಲ್ಲ, ಅದನ್ನು ಸಹಿಸಲಾರೆ. ಮಧ್ಯಾಹ್ನ ಅವಳ ಪಕ್ಕದಲ್ಲಿ ಕುಳಿತು ಏನಮ್ಮಾ ಎಂದೆ. “ಅಪ್ಪ, ಹಾರಿ ಅಂತ ನಾನು ಕೂಗ್ತೀನಿ, ನಿಜ. ಆದ್ರೆ ಇವತ್ತಿನವರೆಗೂ ಯಾರನ್ನೂ ತಳ್ಳಿಲ್ಲ,” ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಸೋಮವಾರ ಪುಟ ತೆರೆಯುವ ಮೊದಲು ಆ ಟಿಕ್ಕನ್ನು ಅಳಿಸಿ. ಅಲ್ಲೊಂದು ಖಾಲಿ ಚೌಕ ಇಡಿ. ಹೌದು, ಇಲ್ಲ ಎರಡೂ ಒಂದೇ ಅಳತೆಯಲ್ಲಿ, ಒಂದೇ ಬಣ್ಣದಲ್ಲಿ ಇರಲಿ. ಅವನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಅವಳಿಗೆ ಕೊಡಿ, ಒಂದೇ ಒಂದು, ಒಂದೇ ಒಂದು ಸಲ. ಅವಳು ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ನಮ್ಮ ಮುಂದಿನ ಕೋಣೆಯಲ್ಲಿ ಈಗಲೂ ಉಗುರು ಕಚ್ಚುತ್ತಾ ಕುಳಿತಿರುವ ಹುಡುಗನಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದಾಗ ತಾನೇ, ಸ್ವಾಮೀ, ಕೇಳಬೇಕಾದದ್ದು?

ಇಂತಿ,
ವಿಧೇಯನಾಗಿ ಇದ್ದೂ ಇದ್ದೂ ಸಾಕಾದ,
ಎರಡನೇ ಅರ್ಜಿದಾರಳ ಅಪ್ಪ