ನಿಮ್ಮ ಗೋಡೆಯ ಮೇಲೆ ನಮ್ಮಣ್ಣನ ಕೈ

ನಾಗರಿಕ ಹಕ್ಕು ಸಂಘಟನೆಯ ಅಧ್ಯಕ್ಷರೇ,

ನಮ್ಮಣ್ಣನ ಕೇಸನ್ನು ಅರ್ಧ ದಾರಿಯಲ್ಲಿ ಬಿಟ್ಟು ಹೋದಿರಿ. ಅವನ ಪ್ಲಾಸ್ಟರ್ ಹಾಕಿದ ಕೈಯ ಫೋಟೋ ಮಾತ್ರ ನಿಮ್ಮ ಆಫೀಸಿನ ಗೋಡೆ ಮೇಲೆ ಹಾಗೇ ಇದೆ. ಮೊನ್ನೆ ಬಂದಾಗ ನೋಡಿದೆ. ಕೆಳಗೆ ದಪ್ಪಕ್ಷರದಲ್ಲಿ ‘ನಾವು ನಿಮ್ಮ ಜೊತೆಗಿದ್ದೇವೆ’ ಅಂತ ಬರೆಸಿದ್ದೀರಿ. ಯಾರ ಜೊತೆ, ಸ್ವಾಮಿ?

ಅಣ್ಣನದು ಕ್ಷೌರದಂಗಡಿ. ಬಾಗಿಲು ಹಾಕಲು ತಡವಾಯಿತೆಂದು ಪೊಲೀಸರು ಗದರಿದಾಗ ‘ಅರ್ಧ ಗಡ್ಡದಲ್ಲಿ ಹೇಗ್ ಸಾರ್ ಎಬ್ಬಿಸಿ ಕಳಿಸ್ಲಿ?’ ಅಂದ. ಅಷ್ಟಕ್ಕೇ ಸ್ಟೇಷನ್ನಿಗೆ ಎಳೆದೊಯ್ದು ಬಲಗೈ ಮುರಿದರು. ಅಣ್ಣ ದೂರು ಕೊಟ್ಟ. ಅವರೇ ರಾಜಿಗೆ ಬಂದರು: ‘ದೂರು ವಾಪಸ್ ತಗೋ, ನಿನ್ನ ತಂಟೆಗೆ ಬರಲ್ಲ.’ ಅತ್ತಿಗೆ ‘ಒಪ್ಕೊಂಡ್ಬಿಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ’ ಅಂತ ಅತ್ತಳು. ಆಗ ನಮ್ಮ ಚಾಪೆ ಮೇಲೆ ಕೂತು ‘ಸಹಿ ಹಾಕ್ಬೇಡಿ, ಕೊನೇ ಕೋರ್ಟಿನವರೆಗೂ ನಾವಿದ್ದೀವಿ’ ಅಂದವರು ನೀವೇ ಅಲ್ಲವೇ? ಅಣ್ಣ ಸಹಿ ಹಾಕಲಿಲ್ಲ. ಪೊಲೀಸರು ಅವನ ಮೇಲೇ ಹಲ್ಲೆ ಕೇಸು ಜಡಿದರು. ಸಾಬೀತಾದರೆ ಜೈಲು.

ಅಷ್ಟರಲ್ಲಿ ಪೊಲೀಸರಿಂದಲೇ ಪೆಟ್ಟು ತಿಂದ ಮೇಷ್ಟ್ರೊಬ್ಬರು ನಿಮಗೆ ಸಿಕ್ಕಿದರು. ನಿಮ್ಮ ವಕೀಲರಮ್ಮ ನನಗೆ ಬಿಡಿಸಿ ಹೇಳಿದರು: ‘ನಿಮ್ಮಣ್ಣ ಸುಳ್ಳು ಹೇಳ್ತಿಲ್ಲಪ್ಪಾ. ಆದ್ರೆ ಹರೆಯದಲ್ಲಿ ಕುಡಿದು ಹೊಡೆದಾಡಿದ ಹಳೇ ಕೇಸಿದೆಯಲ್ಲ, ಎದುರಿನವರು ಅದನ್ನೇ ಹಿಡ್ಕೊಂಡು ಎಳೀತಾರೆ. ಮೇಷ್ಟ್ರ ಮೇಲೆ ಒಂದು ಕಪ್ಪು ಚುಕ್ಕೆ ಇಲ್ಲ. ಕಾನೂನು ಬದಲಾಗ್ಬೇಕು ಅಂದ್ರೆ ಅಂಥವರೇ ಬೇಕು.’

ನಾನು ಓದಿದ್ದು ಹತ್ತನೇ ಕ್ಲಾಸು. ಹಕ್ಕು ಅನ್ನುವುದು ಒಳ್ಳೆ ನಡತೆಗೆ ಕೊಡುವ ಬಹುಮಾನ ಅಂತ ನಿಮ್ಮ ಯಾವ ಭಾಷಣದಲ್ಲೂ ಕೇಳಿರಲಿಲ್ಲ. ಮನೆಗೆ ಬಂದು ಹೇಳಿದರೆ ಅಣ್ಣ ನಕ್ಕುಬಿಟ್ಟ. ‘ಹೊಡೆಯೋರು ನನ್ನ ನಡತೆ ಕೇಳ್ಲಿಲ್ಲ ಕಣೋ, ಕಾಪಾಡೋರು ಕೇಳಿದ್ರು ನೋಡು.’ ನಕ್ಕವನೇ ಗೋಡೆ ಕಡೆ ತಿರುಗಿ ಮಲಗಿದ.

ಮೇಷ್ಟ್ರು ಗೆಲ್ಲಲಿ, ಅವರ ಮೇಲೆ ಸಿಟ್ಟಿಲ್ಲ. ಪೊಲೀಸರ ಮೇಲೆ ಸಿಟ್ಟಿದೆ, ಆದರೆ ಅವರು ‘ನಿಮ್ಮ ಜೊತೆಗಿದ್ದೇವೆ’ ಅಂದಿರಲಿಲ್ಲ. ನೀವು ಅಂದಿದ್ದಿರಿ.

ಬರುವ ಗುರುವಾರ ಅಣ್ಣನ ವಿಚಾರಣೆ. ಗೆಲ್ಲಿಸಿಕೊಡಿ ಅನ್ನುತ್ತಿಲ್ಲ. ಹೆಸರು ಕೂಗಿದಾಗ ಅವನ ಪಕ್ಕ ಕರಿ ಕೋಟಿನವರೊಬ್ಬರು ನಿಂತಿರಬೇಕು, ಅಷ್ಟೇ. ಅದೂ ಆಗಲ್ಲವೇ? ಹಾಗಾದರೆ ಆ ಫೋಟೋ ಕೆಳಗಿಳಿಸಿ. ಆ ಕೈ ಇನ್ನೂ ಕತ್ತರಿ ಹಿಡಿಯುತ್ತಿಲ್ಲ, ಅಂಗಿಯ ಗುಂಡಿಯನ್ನೂ ನಾನೇ ಹಾಕಬೇಕು. ಮನೆಗೇ ದುಡಿಯಲಾಗದ ಕೈ ನಿಮಗ್ಯಾಕೆ ದುಡಿಯಬೇಕು?

ಇಂತಿ,
ಅವತ್ತು ಫೋಟೋ ಚೆನ್ನಾಗಿ ಬರಲೆಂದು ಮೊಬೈಲ್ ಬೆಳಕು ಹಿಡಿದು ನಿಂತಿದ್ದ ಪೆದ್ದ ತಮ್ಮ